ಹೆಬ್ಬೆರಳಿನ ಹೊತ್ತು

ಅಷ್ಟಮಿಯ ದಿನ ಉಡುಪಿಯಲ್ಲಿ ಮುದ್ದುಕೃಷ್ಣ ವೇಷದ ಸ್ಪರ್ಧೆ ನಡೆಯುವಲ್ಲಿ ಅರ್ಧ ಗಂಟೆ ನಿಂತವರಿಗೆಲ್ಲ ಈ ದೃಶ್ಯ ಗೊತ್ತು. ನಾಲ್ಕು ವರ್ಷದ ಒಬ್ಬ ಕೃಷ್ಣ. ಮೈಗೆಲ್ಲ ನೀಲಿ, ತಲೆಗೆ ನವಿಲುಗರಿ, ಸೊಂಟದಲ್ಲಿ ಸಿಕ್ಕಿಸಿದ ಕೊಳಲು. ಮೈಕಿನ ಹತ್ತಿರ ಬಂದದ್ದೇ ತಡ, ಎಡಗೈಯ ಹೆಬ್ಬೆರಳು ಬಾಯಿಗೆ ಹೋಗುತ್ತದೆ. ಕೆಳಗಿಂದ ಅಮ್ಮ "ಮಗಾ, ಕೈ ತೆಗಿ" ಎಂದು ಸನ್ನೆ ಮಾಡುತ್ತಾಳೆ. ಅವನು ತೆಗೆಯುತ್ತಾನೆ. ಆಗ ಕಾಣುವುದು ಆ ಬೆರಳು: ಅಂಗೈಯಿಂದ ಮೊಣಕೈವರೆಗೆ ಬಣ್ಣ ಒಂದಿಷ್ಟೂ ಕದಡಿಲ್ಲ, ಹೆಬ್ಬೆರಳು ಮಾತ್ರ ಬುಡದ ತನಕ ತೊಳೆದಿಟ್ಟಂತೆ ಬಿಳುಚಿಕೊಂಡು ನೆರಿಗೆಗಟ್ಟಿದೆ, ಗೆಣ್ಣಿನ ಮೇಲೆ ಹಲ್ಲು ಊರಿ ಊರಿ ಜಡ್ಡುಗಟ್ಟಿದ ಒಂದು ಗುರುತು. ಎದುರು ಕೂತವರೆಲ್ಲ ಪ್ರೀತಿಯಿಂದ ನಗುತ್ತಾರೆ. ಆಲದೆಲೆಯ ಮೇಲೆ ಮಲಗಿ ಕಾಲಿನ ಹೆಬ್ಬೆರಳು ಚೀಪುವ ಬಾಲಕೃಷ್ಣನ ಪಟ ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಉಂಟಲ್ಲ, ಅದೇ ಕಣ್ಣಿನಿಂದ ನೋಡುತ್ತಾರೆ. ವೇಷ ಕಳಚಿ ಮನೆಗೆ ಹೋದ ಮೇಲೆ ಅದೇ ಬೆರಳಿಗೆ ಪೆಟ್ಟು ಬೀಳುತ್ತದೆ.

ಮಗುವಿಗೆ ಅರ್ಥವಾಗದೆ ಉಳಿಯುವುದು ಇದು. ಒಂದೇ ಕೆಲಸಕ್ಕೆ ಹಗಲಲ್ಲಿ ಮುದ್ದು, ರಾತ್ರಿಯಲ್ಲಿ ಗದರಿಕೆ. ಬೆರಳು ಚೀಪುವುದನ್ನು ಬಿಡಿಸುವುದು ಹೇಗೆ ಎಂದು ಕೇಳುವ ಹೆಚ್ಚಿನ ಮನೆಗಳಲ್ಲಿ ದಿನಕ್ಕೆ ಮೂವತ್ತು ಸಲವಾದರೂ "ಕೈ ತೆಗಿ" ಎಂಬ ಮಾತು ಕೇಳುತ್ತದೆ. ಆದರೆ ಬೆರಳು ಯಾವ ಹೊತ್ತಿಗೆ ಬಾಯಿಗೆ ಹೋಗುತ್ತದೆ ಎಂದು ಕೇಳಿದರೆ "ಯಾವಾಗಲೂ" ಎನ್ನುತ್ತಾರೆ. ಯಾವಾಗಲೂ ಹೋಗುವುದಿಲ್ಲ. ಅದಕ್ಕೆ ಅದರದ್ದೇ ಹೊತ್ತು ಉಂಟು. ಆ ಹೊತ್ತು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಗಾಬರಿಪಡುವ ಮೊದಲು

ಮಗು ಇದನ್ನು ಯಾರಿಂದಲೂ ಕಲಿತದ್ದಲ್ಲ. ಗರ್ಭದಲ್ಲಿರುವಾಗಲೇ ಬೆರಳು ಚೀಪುವ ಶಿಶುಗಳು ಸ್ಕ್ಯಾನಿಂಗಿನಲ್ಲಿ ಕಾಣಸಿಗುತ್ತವೆ. ಹಾಲು ಕುಡಿಯಲು ಬೇಕಾದ ಚೀಪುವ ಶಕ್ತಿಯೇ ಸಮಾಧಾನದ ಶಕ್ತಿಯೂ ಆಗುತ್ತದೆ. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವಾಗಿ ಬಿಡುತ್ತಾರೆ. ಹಾಗಾಗಿ ಮೂರು ತುಂಬದ ಮಗುವಿನ ಬೆರಳಿನ ಹಿಂದೆ ಬೀಳಬೇಡಿ. ಆ ವಯಸ್ಸಿನಲ್ಲಿ ನಿದ್ದೆ ಬಂದಾಗ ಬೆರಳು ಬಾಯಿಗೆ ಹೋದರೆ, ಮಗು ತನ್ನನ್ನು ತಾನೇ ಮಲಗಿಸಿಕೊಳ್ಳುತ್ತಿದೆ ಎಂದಷ್ಟೇ ತಿಳಿಯಿರಿ. ನಾಲ್ಕು ದಾಟಿದ ಮೇಲೂ ದಿನಕ್ಕೆ ಗಂಟೆಗಟ್ಟಲೆ ನಡೆದರೆ ಆಗ ಕೈ ಹಾಕಬೇಕು, ಮತ್ತು ಆರು ತುಂಬುವ ಮೊದಲು ಮುಗಿಸಬೇಕು. ಯಾಕೆಂದರೆ ಆರು–ಏಳಕ್ಕೆ ಕೆಳಗಿನ, ಏಳು–ಎಂಟಕ್ಕೆ ಮೇಲಿನ ಶಾಶ್ವತ ಮುಂಬಲ್ಲುಗಳು ಹುಟ್ಟುತ್ತವೆ.

ಹಲ್ಲು ಹೇಗೆ ಸರಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಚಿಕಿತ್ಸೆಯ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಹಲ್ಲು ಸರಿಯಲು ದೊಡ್ಡ ಬಲ ಬೇಕಿಲ್ಲ, ಸಣ್ಣ ಬಲ ಬಹಳ ಹೊತ್ತು ಬೇಕು. ದಿನಕ್ಕೆ ಸುಮಾರು ನಾಲ್ಕರಿಂದ ಆರು ಗಂಟೆ ಒತ್ತಡ ಬಿದ್ದರೆ ಹಲ್ಲು ಜಾಗ ಬಿಡುತ್ತದೆ. ಹಗಲಲ್ಲಿ ಅಲ್ಲಿ ಇಲ್ಲಿ ಹತ್ತು ನಿಮಿಷ ಜೋರಾಗಿ ಚೀಪುವ ಮಗುವಿಗಿಂತ, ರಾತ್ರಿಯಿಡೀ ಬೆರಳನ್ನು ಬಾಯಲ್ಲಿ ಸುಮ್ಮನೆ ಇಟ್ಟುಕೊಂಡು ಮಲಗುವ ಮಗುವಿನ ಹಲ್ಲಿಗೆ ಹೆಚ್ಚು ಕೆಡುಕು. ಬೆರಳು ಮೇಲಿನ ಮುಂಬಲ್ಲುಗಳನ್ನು ಹೊರಕ್ಕೆ ನೂಕುತ್ತದೆ, ಕೆಳಗಿನವನ್ನು ಒಳಕ್ಕೆ ಒತ್ತುತ್ತದೆ, ಬಾಯಿ ಪೂರ್ತಿ ಮುಚ್ಚದಂತೆ ತಡೆಯುತ್ತದೆ. ಇದರ ಜೊತೆಗೆ ಇನ್ನೊಂದು ನಡೆಯುತ್ತದೆ, ಅದು ಹೊರಗೆ ಕಾಣುವುದಿಲ್ಲ. ಅಂಗುಳಕ್ಕೆ, ಅಂದರೆ ಬಾಯಿಯ ಒಳಗಿನ ಮೇಲ್ಭಾಗಕ್ಕೆ, ತಾಗಿ ಇರಬೇಕಾದ ನಾಲಿಗೆಯನ್ನು ಬೆರಳು ಕೆಳಗೆ ಒತ್ತಿಟ್ಟಿರುತ್ತದೆ. ಚೀಪುವಾಗ ಕೆನ್ನೆಯ ಸ್ನಾಯು ಎರಡೂ ಬದಿಯಿಂದ ಮೇಲಿನ ದವಡೆಯನ್ನು ಅಮುಕುತ್ತದೆ, ಒಳಗಿನಿಂದ ತಡೆಯಲು ನಾಲಿಗೆ ಅಲ್ಲಿರುವುದಿಲ್ಲ. ದವಡೆ ಕಿರಿದಾಗುತ್ತದೆ, ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಒಳಗಡೆಗೆ ಕೂತುಬಿಡುತ್ತವೆ. ಹಾಲುಹಲ್ಲಿರುವಾಗಲೇ ಅಭ್ಯಾಸ ನಿಂತರೆ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ಬಿದ್ದ ಸಂದು ಹೆಚ್ಚಾಗಿ ತಾನಾಗಿ ಕೂಡಿಕೊಳ್ಳುತ್ತದೆ. ಕಿರಿದಾದ ದವಡೆ ಹಾಗೆ ಸುಲಭದಲ್ಲಿ ಸರಿಯಾಗುವುದಿಲ್ಲ, ಅಗಲಿಸುವ ಚಿಕಿತ್ಸೆ ಬೇಕಾಗುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದಾದ ಒಂದು ಗುರುತು ಉಂಟು. ಮಗು ನೀರುದೋಸೆ ತಿನ್ನುವಾಗ ಗಮನಿಸಿ. ಇಡೀ ದೋಸೆಯನ್ನು ಕೈಯಲ್ಲಿ ಹಿಡಿದ ಮಗು ಮುಂಬಲ್ಲಿನಿಂದ ಕಚ್ಚಿ ತುಂಡು ಮಾಡುತ್ತದೆಯೇ, ಇಲ್ಲ ಬಾಯಿಯ ಬದಿಗೆ ತಂದು ಕೋರೆಹಲ್ಲಿನಿಂದ ಎಳೆದು ಹರಿಯುತ್ತದೆಯೇ? ನೀರುದೋಸೆಯಷ್ಟು ಮೆದುವಾದದ್ದೇ ಮುಂಬಲ್ಲಿನ ನಡುವಿನಿಂದ ತುಂಡಾಗದೆ ಜಾರಿ ಬರುತ್ತದೆ ಎಂದರೆ ಅಲ್ಲಿ ಸಂದು ಬಿದ್ದಿದೆ. ಆಮೇಲೆ ದವಡೆಹಲ್ಲು ಕಚ್ಚಿಸಿ, ತುಟಿ ಬಿಡಿಸಿ ನೋಡಿ. ಸಂದಿನ ಆಕಾರ ಚೀಪುವ ಬೆರಳಿನದ್ದೇ ಆಗಿರುತ್ತದೆ, ಚೀಪುವ ಕೈಯ ಬದಿಗೆ ತುಸು ವಾಲಿಕೊಂಡಿರುವುದೂ ಉಂಟು. ಅಂಥ ಮಕ್ಕಳು "ಸ" ಹೇಳುವಾಗ ನಾಲಿಗೆ ಆ ಸಂದಿನಲ್ಲಿ ಹೊರಗೆ ಬರುತ್ತದೆ.

ಹಲ್ಲಿನ ಆಚೆಗೆ, ಉಗುರುಸುತ್ತು ಆಗುವುದು ಈ ಮಕ್ಕಳಲ್ಲಿ ಸಾಮಾನ್ಯ. ಉಗುರಿನ ಬುಡ ಕೆಂಪಾಗಿ ಊದಿ ಕೀವು ತುಂಬಿದರೆ ಮನೆಮದ್ದಿನಲ್ಲಿ ದಿನ ಕಳೆಯದೆ ತೋರಿಸಿ. ಹೊಟ್ಟೆಹುಳದ ಮಾತ್ರೆ ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಅಂಗನವಾಡಿ, ಶಾಲೆಗಳಲ್ಲೇ ಸಿಗುತ್ತದೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಮಿನ ಪೂರ್ತಿ ಅಲ್ಬೆಂಡಜೋಲ್, ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ ಹುಡಿ ಮಾಡಿ ನೀರಲ್ಲಿ. ಬೆರಳು ಚೀಪುವ ಮಗುವಿಗೆ ಅದನ್ನು ತಪ್ಪಿಸಬಾರದು. ಬೀಡಿ ಕಟ್ಟುವ ಮನೆಗಳವರಿಗೆ ಇನ್ನೊಂದು ಮಾತು: ಹೊಗೆಸೊಪ್ಪಿನ ಹುಡಿ ಅಂಟಿದ ಕೈ ಬಾಯಿಗೆ ಹೋಗುವುದು ಮಗುವಿಗೆ ನಿಜವಾದ ವಿಷ. ಗೆರಸೆಯ ಹತ್ತಿರದಿಂದ ಮಗುವನ್ನು ದೂರ ಕೂರಿಸಿ, ಕೈ ಆಗಾಗ ಸಾಬೂನಿನಲ್ಲಿ ತೊಳೆಯಿರಿ.

ಏಳು ದಿನ ಏನೂ ಮಾಡಬೇಡಿ, ಬರೆದಿಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಹೆಜ್ಜೆ, ಎಲ್ಲರೂ ಹಾರಿಬಿಡುವ ಹೆಜ್ಜೆಯೂ ಇದೇ. ಒಂದು ವಾರ ಮಗುವಿಗೆ ಒಂದು ಮಾತೂ ಹೇಳದೆ ಗೋಡೆಯ ಕ್ಯಾಲೆಂಡರಿನ ತಾರೀಕಿನ ಚೌಕದಲ್ಲಿ ಗುರುತು ಹಾಕಿ. ಯಾವ ಹೊತ್ತು, ಎಷ್ಟು ನಿಮಿಷ, ಎಲ್ಲಿ ಕೂತು, ಯಾವ ಕೈ, ಇನ್ನೊಂದು ಕೈಯಲ್ಲಿ ಏನಿತ್ತು. ಕೊನೆಯದನ್ನು ಮರೆಯಬೇಡಿ. ವಾರದ ಕೊನೆಗೆ ಆ ಹಾಳೆ ನೋಡಿದರೆ ಎಲ್ಲ ಗುರುತುಗಳೂ ಮೂರೋ ನಾಲ್ಕೋ ಜಾಗದಲ್ಲಿ ಗುಂಪುಗೂಡಿರುತ್ತವೆ: ನಿದ್ದೆಗೆ ಜಾರುವಾಗ, ಎದ್ದ ತಕ್ಷಣದ ಹತ್ತು ನಿಮಿಷ, ಮೊಬೈಲ್ ಅಥವಾ ಟಿವಿ ಎದುರು, ಬಸ್ಸಿನಲ್ಲಿ, ಊಟಕ್ಕೆ ಮೊದಲು ಹಸಿವಾದಾಗ, ಬೈಗುಳ ತಿಂದ ಮೇಲೆ.

ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಈ ಲೆಕ್ಕ ಕಣ್ಣೆದುರೇ ಬಿಡಿಸಿಟ್ಟಂತೆ ಕಾಣುತ್ತದೆ. ಕಿಟಕಿಯ ಬದಿಯಲ್ಲಿ ಅಮ್ಮನ ಮಡಿಲಲ್ಲಿ ಐದು ವರ್ಷದ ಒಂದು ಹುಡುಗಿ. ಕಟಪಾಡಿ ದಾಟುವ ತನಕ ಹೊರಗೆ ನೋಡುತ್ತ, ಅಂಗಡಿ ಬೋರ್ಡಿನ ಅಕ್ಷರ ಓದುತ್ತ ಇರುತ್ತಾಳೆ, ಎರಡೂ ಕೈ ಕಿಟಕಿಯ ಸರಳಿನ ಮೇಲೆ. ಕಾಪು ಕಳೆದು ಗಾಳಿ ಮುಖಕ್ಕೆ ಬಡಿದು ಕಣ್ಣು ಭಾರವಾದಾಗ ಮೊದಲು ಅಲುಗಾಡುವುದು ಬಲಗೈ. ಅದು ಅಮ್ಮನ ಸೆರಗಿನ ತುದಿ ಹುಡುಕುತ್ತದೆ, ಸಿಕ್ಕಿದ ತುದಿಯನ್ನು ಎರಡು ಬೆರಳಿನ ನಡುವೆ ಹೊಸೆಯುತ್ತದೆ. ಹೊಸೆಯಲು ಶುರುವಾದ ಮೇಲೆಯೇ ಎಡಗೈಯ ಹೆಬ್ಬೆರಳು ಬಾಯಿಗೆ ಹೋಗುವುದು. ಪಡುಬಿದ್ರಿಯಲ್ಲಿ ಬಸ್ಸು ನಿಂತು ಜನ ಹತ್ತುವಾಗ ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾಳೆ, ತುದಿ ಕೈತಪ್ಪುತ್ತದೆ. ಬೆರಳೂ ಬಾಯಿಂದ ಜಾರುತ್ತದೆ. ಯಾರೂ ಏನೂ ಹೇಳಿದ್ದಲ್ಲ. ಮೂಲ್ಕಿ ಬರುವಷ್ಟರಲ್ಲಿ ಸೆರಗು ಮತ್ತೆ ಸಿಕ್ಕಿರುತ್ತದೆ, ಬೆರಳು ಮತ್ತೆ ಬಾಯಲ್ಲಿರುತ್ತದೆ.

ಅನೇಕ ಮಕ್ಕಳಲ್ಲಿ ಹೀಗೆ ಜೋಡಿ ಉಂಟು: ಸೆರಗು, ಹಳೆಯ ಹೊದಿಕೆಯ ಮೂಲೆ, ತಲೆದಿಂಬಿನ ಕಿವಿ, ತನ್ನದೇ ಕೂದಲು, ಅಜ್ಜಿಯ ಕಿವಿಯ ಹಾಲೆ. ಜೋಡಿಯಲ್ಲಿ ಒಂದನ್ನು ತೆಗೆದರೆ ಇನ್ನೊಂದು ಸಡಿಲವಾಗುತ್ತದೆ. ಬೆರಳನ್ನು ಕತ್ತರಿಸಿ ತೆಗೆದಿಡಲು ಆಗುವುದಿಲ್ಲ, ಹೊದಿಕೆಯನ್ನು ತೆಗೆದಿಡಬಹುದು. ಒಮ್ಮೆಲೇ ಕಿತ್ತುಕೊಳ್ಳಬೇಡಿ. ಮೊದಲು ಬಸ್ಸಿಗೆ ತರುವುದು ನಿಲ್ಲಲಿ, ಆಮೇಲೆ ಹಗಲಲ್ಲಿ ಕಪಾಟಿನಲ್ಲಿರಲಿ, ಕೊನೆಗೆ ರಾತ್ರಿ. ಕೂದಲು ಹೊಸೆಯುವ ಮಗುವಿಗೆ ಎರಡು ಜಡೆ ಬಿಗಿಯಾಗಿ ಹೆಣೆಯಿರಿ.

ಹಗಲಿನ ಕೆಲಸ

ಎರಡನೆಯ ವಾರ ಮಗುವಿನ ಹತ್ತಿರ ಮಾತಾಡಬೇಕು. ಒಬ್ಬರೇ ಮಾತಾಡಬೇಕು. ಅಪ್ಪ ಒಂದು, ಅಜ್ಜ ಒಂದು, ದೊಡ್ಡಮ್ಮ ಒಂದು ಹೇಳುವ ಮನೆಯಲ್ಲಿ ಮಗುವಿಗೆ ಬೆರಳಿನ ಸಮಾಧಾನ ಇನ್ನೂ ಹೆಚ್ಚು ಬೇಕಾಗುತ್ತದೆ. ಕನ್ನಡಿ ಎದುರು ಹಲ್ಲು ತೋರಿಸಿ "ಇಲ್ಲಿ ಬೆರಳಿನ ಜಾಗ ಆಗಿದೆ ನೋಡು, ಅದನ್ನು ಮುಚ್ಚುವಾ?" ಎಂದು ಕೇಳಿದರೆ ಸಾಕು. "ಬೆರಳು ಉದುರಿ ಹೋಗುತ್ತದೆ", "ಪೊಲೀಸ್ ಬರುತ್ತಾರೆ" ಎಂಬ ಮಾತು ಬೇಡವೇ ಬೇಡ. ಹೆದರಿದ ಮಗು ಸಮಾಧಾನಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ನಿಮಗೇ ಗೊತ್ತು.

ಬೆರಳಿಗೆ ಬೇರೆ ಕೆಲಸ ಕೊಡಿ. ಹೆಬ್ಬೆರಳನ್ನು ಒಳಗಿಟ್ಟು ಉಳಿದ ನಾಲ್ಕು ಬೆರಳು ಮುಚ್ಚಿ ಮುಷ್ಟಿ ಹಿಡಿದು ನಿಧಾನಕ್ಕೆ ಇಪ್ಪತ್ತು ಎಣಿಸುವುದು. "ಕೋಳಿಮರಿ ಗೂಡಿನಲ್ಲಿ ಮಲಗಿದೆ" ಎಂದು ಹೇಳಿಕೊಟ್ಟರೆ ನಾಲ್ಕು ವರ್ಷದವರಿಗೂ ಸಿಗುತ್ತದೆ. ದಿನಕ್ಕೆ ಮೂರು ಸಲ, ಬೆರಳು ಬಾಯಲ್ಲಿ ಇಲ್ಲದಿರುವಾಗ ಆಟದಂತೆ ಅಭ್ಯಾಸ ಮಾಡಿಸಿ. ಆಮೇಲೆ ಕೈ ಬಾಯಿಯ ಕಡೆಗೆ ಏರುವಾಗ ನೀವು ಸುಮ್ಮನೆ ನಿಮ್ಮ ಮುಷ್ಟಿ ತೋರಿಸಿದರೆ ಸಾಕು, ಮಾತು ಬೇಡ. ಅಂಗನವಾಡಿ ಟೀಚರಿಗೂ ಇದೊಂದೇ ಸನ್ನೆ ಹೇಳಿಕೊಡಿ. ತರಗತಿಯ ಮಕ್ಕಳೆದುರು ಮಗುವಿನ ಹೆಸರು ಕರೆದು ಹೇಳಬಾರದೆಂದು ವಿನಂತಿಸಿ.

ಹಾಳೆಯಲ್ಲಿ ಗುರುತು ಮಾಡಿದ ಹೊತ್ತುಗಳಲ್ಲಿ ಸುಲಭವಾದದ್ದನ್ನು ಮೊದಲು ಹಿಡಿಯಿರಿ, ಸಾಮಾನ್ಯವಾಗಿ ಟಿವಿ ಹೊತ್ತು. ಎರಡೂ ಕೈಗೆ ಕೆಲಸ ಬೇಕು, ಒಂದು ಕೈಗಲ್ಲ. ಶಂಕರಪುರದ ಕಡೆಯ ಮನೆಗಳಲ್ಲಿ ಮಲ್ಲಿಗೆ ಕಟ್ಟುವಾಗ ಮಕ್ಕಳು ಮೊಗ್ಗನ್ನು ನಾಲ್ಕು ನಾಲ್ಕಾಗಿ ಜೋಡಿಸಿ ಕೊಡುವುದು ಇದಕ್ಕೆ ಹೇಳಿ ಮಾಡಿಸಿದ ಕೆಲಸ: ಎಡಗೈಯಲ್ಲಿ ಮೊಗ್ಗು ಹಿಡಿಯಬೇಕು, ಬಲಗೈಯಲ್ಲಿ ಆರಿಸಬೇಕು, ಕಣ್ಣು ಎಲ್ಲಿದ್ದರೂ ನಡೆಯುತ್ತದೆ. ಬೆಳ್ಳುಳ್ಳಿ ಸುಲಿಯುವುದು, ಚಪಾತಿ ಹಿಟ್ಟಿನ ಉಂಡೆ, ಬಟಾಣಿ ಬಿಡಿಸುವುದು, ಯಾವುದೂ ಆಗುತ್ತದೆ. ಹಸಿವಿನ ಹೊತ್ತಿನ ಚೀಪುವಿಕೆಗೆ ಮದ್ದು ಅವಲಕ್ಕಿಯೋ ಬಾಳೆಹಣ್ಣೋ ಅರ್ಧ ಗಂಟೆ ಮುಂಚೆ ಕೊಡುವುದು, ಅಷ್ಟೇ.

ನಕ್ಷತ್ರ ಅಂಟಿಸುವ ಹಾಳೆ ಎಲ್ಲರಿಗೂ ಗೊತ್ತು, ಅದು ಯಾಕೆ ಸೋಲುತ್ತದೆ ಎಂಬುದು ಗೊತ್ತಿಲ್ಲ. "ಇಡೀ ದಿನ ಚೀಪದಿದ್ದರೆ ಒಂದು ನಕ್ಷತ್ರ, ತಿಂಗಳಾದರೆ ಸೈಕಲ್" ಎಂದರೆ ಮೊದಲ ದಿನ ಬೆಳಿಗ್ಗೆ ಎಂಟಕ್ಕೇ ಆಟ ಮುಗಿಯಿತು, ಮಗು ಕೈಬಿಡುತ್ತದೆ. ದಿನವನ್ನು ತುಂಡು ಮಾಡಿ. ಮೊದಲ ಮೂರು ದಿನ ಟಿವಿಯ ಅರ್ಧ ಗಂಟೆಗೆ ಒಂದು ನಕ್ಷತ್ರ. ಮೂರು ಬಂದರೆ ಅದೇ ಸಂಜೆ ಏನಾದರೂ ಸಣ್ಣದು: ಪಣಂಬೂರು ಕಡಲತೀರಕ್ಕೋ ಮಲ್ಪೆಗೋ ಒಂದು ಸುತ್ತು, ರಾತ್ರಿ ಒಂದು ಕತೆ ಹೆಚ್ಚು. ಮಿಠಾಯಿ ಬೇಡ. ಮೂರು ದಿನ ಗಟ್ಟಿಯಾದ ಮೇಲೆ ಎರಡನೆಯ ಹೊತ್ತನ್ನು ಸೇರಿಸಿ. ಒಮ್ಮೆ ಕೊಟ್ಟ ನಕ್ಷತ್ರವನ್ನು ತಪ್ಪಿಗಾಗಿ ಹಿಂದೆ ತೆಗೆಯಬಾರದು.

ಕಹಿಯ ವಿಚಾರ

ಅಜ್ಜಿಯಂದಿರು ಮೊದಲು ಹೇಳುವುದು ಇದನ್ನೇ. ಮೆಣಸಿನ ಹುಡಿಯನ್ನು ಖಂಡಿತ ಹಚ್ಚಬೇಡಿ. ನಿದ್ದೆಗಣ್ಣಿನಲ್ಲಿ ಮಗು ಅದೇ ಬೆರಳಿನಿಂದ ಕಣ್ಣುಜ್ಜುತ್ತದೆ, ಉರಿಗೆ ಕಿರುಚಿ ಎದ್ದ ಮಗು ಆ ರಾತ್ರಿ ಮಾತ್ರ ಅಲ್ಲ, ಮುಂದಿನ ಹತ್ತು ರಾತ್ರಿ ಮಲಗಲು ಹೆದರುತ್ತದೆ. ಕಹಿಬೇವಿನ ಎಣ್ಣೆಯೂ ಬೇಡ, ಸಣ್ಣ ಮಕ್ಕಳ ಹೊಟ್ಟೆಗೆ ಹೋದರೆ ಅದು ಅಪಾಯ. ಇನ್ನು ನಮ್ಮ ಜಿಲ್ಲೆಗಳವರಿಗೆ ಒತ್ತಿ ಹೇಳಬೇಕಾದದ್ದು ಕಾಸರಕದ ವಿಷಯ, ತುಳುವಿನಲ್ಲಿ ಕಾಯೆರ್ ಎನ್ನುತ್ತಾರಲ್ಲ, ಆ ಮರ. ಕಹಿ ಎಂಬ ಕಾರಣಕ್ಕೆ ಅದರ ಕೆತ್ತೆಯನ್ನೋ ಬೀಜವನ್ನೋ ಬೆರಳಿಗೆ ತೇಯ್ದು ಹಚ್ಚುವ ಯೋಚನೆ ಯಾರಿಗೂ ಬರಬಾರದು. ಅದರಲ್ಲಿರುವುದು ಸ್ಟ್ರಿಕ್ನಿನ್, ಸ್ವಲ್ಪವೇ ಸಾಕು ಮಗುವಿನ ಜೀವಕ್ಕೆ.

ಹಾಗಲಕಾಯಿಯ ರಸ, ಅಥವಾ ಮೆಡಿಕಲ್ ಶಾಪಿನಲ್ಲಿ ಇದಕ್ಕಾಗಿಯೇ ಸಿಗುವ ಕಹಿ ದ್ರವ ಸಾಕು. ಹಚ್ಚುವ ಕ್ರಮ ಮುಖ್ಯ. ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ಕೆತ್ತೆಯ ಕಷಾಯ ಎಷ್ಟು ಕಹಿ ಎಂದು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು, ಆದರೂ ಕುಡಿಯುತ್ತಾರೆ. ಯಾಕೆಂದರೆ ಅಜ್ಜನಿಂದ ಹಿಡಿದು ಎಲ್ಲರೂ ಸಾಲಾಗಿ ಕೂತು ಕುಡಿಯುತ್ತಾರೆ, ಮೇಲೆ ಮೆಂತೆ ಗಂಜಿ ಸಿಗುತ್ತದೆ. ಮನೆಯವರೆಲ್ಲ ಹಂಚಿಕೊಂಡ ಕಹಿ ಅದು. ಮಗುವಿನ ಬೆರಳಿಗೆ ಮಾತ್ರ, ಅದೂ ಮಲಗಿದ ಮೇಲೆ ಕದ್ದು ಹಚ್ಚಿದ ಕಹಿ ಶಿಕ್ಷೆಯಾಗುತ್ತದೆ. ಆದ್ದರಿಂದ ಮಗುವನ್ನೇ ಕೇಳಿ, ಬೇಕಾದರೆ ನಿಮ್ಮ ಬೆರಳಿಗೂ ಒಂದು ಹನಿ ಹಾಕಿಕೊಂಡು ರುಚಿ ನೋಡಿ, ಮಗುವಿನ ಕೈಯಿಂದಲೇ ಹಚ್ಚಿಸಿ. ಉಗುರಿನ ಮೇಲೆ ಮಾತ್ರ, ಒಡೆದ ಚರ್ಮಕ್ಕೆ ಬೇಡ. ಬೆಳಿಗ್ಗೆ ಒಮ್ಮೆ, ಮಲಗುವಾಗ ಒಮ್ಮೆ, ಕೈ ತೊಳೆದ ಮೇಲೆ ಮತ್ತೆ. ಮಗುವಿಗೆ ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಮೂರು ವಾರದಲ್ಲಿ ವ್ಯತ್ಯಾಸ ಕಾಣದಿದ್ದರೂ ಬಿಟ್ಟುಬಿಡಿ, ಕಹಿಗೂ ನಾಲಿಗೆ ಒಗ್ಗಿಹೋಗುತ್ತದೆ.

ರಾತ್ರಿ

ಹಗಲು ಹಿಡಿತಕ್ಕೆ ಬಂದ ಮೇಲೆ ರಾತ್ರಿಗೆ ಕೈಹಾಕಿ, ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ನಿದ್ದೆಯಲ್ಲಿ ಮಗುವಿಗೆ ತಿಳಿಯದೆ ಬೆರಳು ಹೋಗುತ್ತದೆ, ಹಾಗಾಗಿ ಬೈದು ಪ್ರಯೋಜನವೇ ಇಲ್ಲ. ಕೈಯೇ ನೆನಪು ಮಾಡುವಂತೆ ಏನಾದರೂ ಬೇಕು. ಸುಲಭವಾದದ್ದು ಮೂರು ಇಂಚಿನ ಕ್ರೇಪ್ ಬ್ಯಾಂಡೇಜ್. ಮಗುವಿನ ಕೈಯನ್ನು ನೇರ ಚಾಚಿಸಿ, ಮೊಣಕೈಯಿಂದ ಮಗುವಿನ ನಾಲ್ಕು ಬೆರಳಗಲ ಕೆಳಗೆ ಶುರುಮಾಡಿ ಅಷ್ಟೇ ಮೇಲಿನವರೆಗೆ ಎಳೆಯದೆ ಸುತ್ತಿ. ನಿಮ್ಮ ಎರಡು ಬೆರಳು ಅದರಡಿಗೆ ಆರಾಮವಾಗಿ ಹೋಗಬೇಕು. ಬ್ಯಾಂಡೇಜಿನ ಜೊತೆಗೆ ಬರುವ ಲೋಹದ ಕ್ಲಿಪ್ ಹಾಕಬೇಡಿ, ರಾತ್ರಿ ಕಳಚಿ ಬಾಯಿಗೆ ಹೋದೀತು. ಕಾಗದದ ಪ್ಲಾಸ್ಟರ್ ಅಂಟಿಸಿ. ಕೈ ಮಡಚಬಹುದು, ಆದರೆ ಮಡಚಿ ಹಿಡಿದಿದ್ದರೆ ಪಟ್ಟಿ ಮೆಲ್ಲಗೆ ಎಳೆಯುತ್ತದೆ, ನಿದ್ದೆ ಆಳವಾದಂತೆ ಕೈ ತಾನಾಗಿ ನೇರವಾಗಿ ಬೆರಳು ಕಳಚಿಕೊಳ್ಳುತ್ತದೆ. ಸುತ್ತಿದ ಹತ್ತು ನಿಮಿಷಕ್ಕೆ, ಆಮೇಲೆ ನೀವು ಮಲಗುವ ಮೊದಲು ಬೆರಳ ತುದಿ ಮುಟ್ಟಿ ನೋಡಿ. ತಣ್ಣಗಾಗಿದ್ದರೆ, ಊದಿದ್ದರೆ, ಬಣ್ಣ ಬದಲಾಗಿದ್ದರೆ ತಕ್ಷಣ ಬಿಚ್ಚಿ.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ತೊಡಕುಂಟು, ಸೆಕೆ. ಏಪ್ರಿಲ್–ಮೇ ತಿಂಗಳಲ್ಲಿ ಮೊಣಕೈಗೆ ಬ್ಯಾಂಡೇಜ್ ಸುತ್ತಿದರೆ ಎರಡೇ ದಿನದಲ್ಲಿ ಬೆವರುಸಾಲೆ ಏಳುತ್ತದೆ. ಕೈಗೆ ಸಾಕ್ಸ್ ಹಾಕಿದರೂ ಅದೇ ಕತೆ, ಮಗು ನಿದ್ದೆಯಲ್ಲಿ ಕಿತ್ತೆಸೆಯುತ್ತದೆ. ಆ ತಿಂಗಳುಗಳಲ್ಲಿ ಹಳೆಯ ಪಂಚೆಯ ತೆಳು ಬಟ್ಟೆಯಲ್ಲಿ ಸಡಿಲವಾದ ಉದ್ದತೋಳಿನ ಅಂಗಿ ಹೊಲಿಸಿ. ತೋಳು ಬೆರಳ ತುದಿ ದಾಟಿ ಮೂರು ಇಂಚು ಉದ್ದವಿರಲಿ, ತುದಿಯನ್ನು ಹೊಲಿದು ಮುಚ್ಚಿ. ಹಲವು ಸಲ ಒಗೆದ ಪಂಚೆಯಲ್ಲಿ ಗಾಳಿಯಾಡುತ್ತದೆ. ಬಟ್ಟೆ ಸಮೇತ ಚೀಪಲು ಹೋದರೂ ಆ ಹಿತ ಸಿಗುವುದಿಲ್ಲ.

ಇವೆರಡೂ ಆಗದವರಿಗೆ ಒಂದು ಬಡ ಉಪಾಯ: ಮಗು ಮಲಗಿ ಅರ್ಧ ಗಂಟೆಯಾದಾಗ ದವಡೆ ಸಡಿಲವಾಗಿರುತ್ತದೆ. ಗಲ್ಲವನ್ನು ಮೆಲ್ಲಗೆ ಕೆಳಗೆ ಒತ್ತಿ ಬೆರಳು ತೆಗೆದು ಕೈಯನ್ನು ಬದಿಗಿಡಿ. ನಿಮ್ಮ ಮಲಗುವ ಹೊತ್ತಿಗೆ ಮತ್ತೊಮ್ಮೆ. ಚೀಪುವ ಅಭ್ಯಾಸ ಇದರಿಂದ ಬಿಡುವುದಿಲ್ಲ, ಆದರೆ ಆ ನಾಲ್ಕು–ಆರು ಗಂಟೆಯ ಲೆಕ್ಕ ಕಡಿಮೆಯಾಗುತ್ತದೆ. ಹಲ್ಲಿಗೆ ಅಷ್ಟರಿಂದಲೇ ಬಹಳ ಉಪಕಾರ.

ಆರರಿಂದ ಎಂಟು ವಾರ ಬೇಕು ಎಂದು ಮನಸ್ಸಿನಲ್ಲಿಟ್ಟುಕೊಂಡು ಶುರು ಮಾಡಿ. ಜೂನ್ ಬೇಡ. ಹೊಸ ಶಾಲೆ, ಹೊಸ ಟೀಚರ್, ಮಳೆ, ಶೀತ ಎಲ್ಲ ಒಟ್ಟಿಗೆ ಬರುವ ತಿಂಗಳಲ್ಲಿ ಮಗುವಿನ ಹತ್ತಿರ ಇರುವ ಒಂದು ಸಮಾಧಾನವನ್ನೂ ಕಿತ್ತುಕೊಳ್ಳುವುದು ಸರಿಯಲ್ಲ. ದಸರಾ ರಜೆಯಲ್ಲಿ ಶುರುಮಾಡುವುದು ಒಳ್ಳೆಯದು. ಮನೆಯಲ್ಲಿ ಎಲ್ಲರೂ ಇರುತ್ತಾರೆ, ಮುಂದೆ ಡಿಸೆಂಬರಿನ ತಂಪೂ ಬರುತ್ತದೆ. ಮನೆಯಲ್ಲಿ ಬಾಣಂತಿ ಇದ್ದರೆ, ಎಳೆಮಗು ಬಂದಿದ್ದರೆ ಮೂರು ತಿಂಗಳು ತಡೆಯಿರಿ.

ದಂತವೈದ್ಯರ ಹತ್ತಿರ

ಆರು ದಾಟಿಯೂ ನಿಲ್ಲದಿದ್ದರೆ, ಅಥವಾ ದವಡೆಹಲ್ಲು ಒಳಗಡೆ ಕೂತದ್ದು ಕಂಡರೆ ಅದಕ್ಕೂ ಮೊದಲೇ, ಮಕ್ಕಳ ದಂತ ವಿಭಾಗಕ್ಕೆ ಹೋಗಿ. ಈ ವಿಷಯದಲ್ಲಿ ನಮ್ಮ ಊರು ಭಾಗ್ಯವಂತ. ಮಣಿಪಾಲದಲ್ಲಿ 1965ರಿಂದ ದಂತ ಕಾಲೇಜು ಉಂಟು, ಮಂಗಳೂರಿನಲ್ಲಿ ಒಂದಲ್ಲ, ಹಲವು ಉಂಟು. ಅವರು ಮೇಲಿನ ದವಡೆಹಲ್ಲುಗಳಿಗೆ ಉಂಗುರ ಕೂರಿಸಿ, ಮೇಲಿನ ಮುಂಬಲ್ಲುಗಳ ಹಿಂದೆ ಕ್ರಿಬ್ ಎಂಬ ತಂತಿಯ ಬೇಲಿ ಹಾಕಬಹುದು. ಬೆರಳಿಗೆ ಅಂಗುಳ ಸಿಗದಾಗ ಚೀಪುವ ಹಿತವೇ ಹೋಗುತ್ತದೆ. ಕೆಲವೇ ವಾರದಲ್ಲಿ ಚೀಪುವುದು ನಿಂತರೂ ತಂತಿ ಸುಮಾರು ಆರು ತಿಂಗಳು ಇರಬೇಕು, ಬೇಗ ತೆಗೆಸಿದವರಲ್ಲಿ ಅಭ್ಯಾಸ ಮರಳುತ್ತದೆ. ಮೊದಲ ಕೆಲವು ದಿನ ಮಾತು ತೊದಲುತ್ತದೆ, ಊಟ ಸಿಕ್ಕಿಕೊಳ್ಳುತ್ತದೆ. ಗಂಜಿ, ಮೊಸರನ್ನ, ಇಡ್ಲಿಯಲ್ಲಿ ಕಳೆಯಿರಿ. ಕೋರಿ ರೊಟ್ಟಿ, ಚಕ್ಕುಲಿ, ಅಂಟುವ ಹಲಸಿನ ಹಣ್ಣು ಬೇಡ, ತಂತಿ ಬಾಗುತ್ತದೆ. ಮಗುವಿಗೆ ಮೊದಲೇ ತಿಳಿಸದೆ, ಒಪ್ಪಿಸದೆ ಹಾಕಿಸಬೇಡಿ. ಒಪ್ಪದ ಮಗು ಬೆರಳಿನಿಂದ ತಂತಿಯನ್ನೇ ಕೀಳುತ್ತದೆ. ಏಳು ದಿನ ಬರೆದಿಟ್ಟ ಆ ಕ್ಯಾಲೆಂಡರ್ ಹಾಳೆಯನ್ನು ವೈದ್ಯರಿಗೆ ತೋರಿಸಿ. ರಾತ್ರಿ ಎಷ್ಟು ಹೊತ್ತು ಎಂಬುದೇ ಅವರಿಗೆ ಮೊದಲು ಬೇಕಾದ ಮಾಹಿತಿ.

ಎರಡು ತಿಂಗಳು ಬಿಟ್ಟ ಮಗು ಜ್ವರ ಬಂದ ರಾತ್ರಿ ಮತ್ತೆ ಬೆರಳು ಬಾಯಿಗಿಟ್ಟರೆ ಎಲ್ಲ ಹಾಳಾಯಿತು ಎಂದುಕೊಳ್ಳಬೇಡಿ. ಜ್ವರ ಇಳಿಯುವ ತನಕ ಸುಮ್ಮನಿರಿ, ಇಳಿದ ಮೇಲೆ ರಾತ್ರಿಯ ಹೆಜ್ಜೆಯನ್ನು ಮಾತ್ರ ಒಂದು ವಾರ ಮತ್ತೆ ಮಾಡಿ. ಹಾಗಾಗಿ ಬ್ಯಾಂಡೇಜನ್ನು ಎಸೆಯಬೇಡಿ. ಸಾಬೂನು ನೀರಲ್ಲಿ ತೊಳೆದು, ಹಿಂಡದೆ ನೆರಳಲ್ಲಿ ಹರಡಿ ಒಣಗಿಸಿ, ಸುರುಳಿ ಸುತ್ತಿ ಕಪಾಟಿನಲ್ಲಿಡಿ. ಮಳೆಗಾಲ ಬಂದಾಗ ಎಲ್ಲಿಟ್ಟಿದ್ದೀರಿ ಎಂದು ನೆನಪಿರಲಿ.